ಮೂರನೇ ಕ್ಲಾಸಿನ ಟೀಚರು ಮತ್ತು ಮೇ ತಿಂಗಳ ಮರಾಠಿ

ಕಾಂದಿವಲಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಪ್ರೈಮರಿ ಶಾಲೆ ಸ್ಮರಣ ಸಂಚಿಕೆ ತರುತ್ತಿದೆಯಂತೆ. ಹೋದ ವಾರ ಅಲ್ಲಿಯ ಇಬ್ಬರು ಹೊಸ ಟೀಚರುಗಳು ದಹಿಸರದ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಮಿಲಿಟರಿ ಮಕ್ಕಳಿಗಾಗಿ ಶಾಲೆ ಎಂಬತ್ತರ ದಶಕದಲ್ಲೇ ಬೇಸಗೆ ಕ್ಲಾಸಿನ ಯೋಜನೆ ಶುರುಮಾಡಿತ್ತಲ್ಲ, ಅದನ್ನು ನಡೆಸಿದವರು ನೀವೇ ಅಲ್ಲವೇ, ಎರಡು ಪುಟ ಬರೆದುಕೊಡಿ ಎಂದರು. ಆ ಯೋಜನೆ ಯಾರ ತಲೆಯಿಂದ ಬಂತು ಗೊತ್ತೇನಮ್ಮ ಎಂದು ಕೇಳಿದೆ. "ಮ್ಯಾನೇಜ್‌ಮೆಂಟ್ ಕಾ ವಿಷನ್ ಥಾ, ಮೇಡಂ" ಎಂದಳು ಒಬ್ಬಳು. ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. ವಿಷನ್ನಂತೆ, ಮಣ್ಣಂಗಟ್ಟಿ!

ಬರೆದುಕೊಡುವುದಿಲ್ಲ ಎಂದು ಕಳಿಸಿಬಿಟ್ಟೆ. ಆಮೇಲೆ ತಡೆಯಲಾಗದೆ ಬರೆಯುತ್ತ ಕೂತಿದ್ದೇನೆ. ಇದನ್ನವರು ಅಚ್ಚು ಹಾಕುವುದಿಲ್ಲ, ಹಾಕದಿದ್ದರೆ ಕತ್ತೆ ಬಾಲ. ಆದರೆ ಒಬ್ಬರ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಸಿಕ್ಕರೆ ಸಂಚಿಕೆಯ ಯಾವುದೋ ಮೂಲೆಯಲ್ಲಿ, ಅಧ್ಯಕ್ಷರ ಫೋಟೋದ ಕೆಳಗೆ ತುರುಕುತ್ತಾರೆ. ಆ ಹೆಂಗಸಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಬೇಡ.

ಅವರು ಮೂರನೇ ಕ್ಲಾಸಿನ ಟೀಚರು, ನಾನು ಎರಡನೆಯದು. ನಡುವೆ ಒಂದು ಪ್ಲೈವುಡ್ ಗೋಡೆ. ಅವರ ದನಿಗೆ ಆ ಗೋಡೆ ಲೆಕ್ಕಕ್ಕೇ ಇರಲಿಲ್ಲ. ನಾನು ಕೂಡುವ ಲೆಕ್ಕ ಹೇಳಿಕೊಡುತ್ತಿದ್ದರೆ ಆ ಕಡೆಯಿಂದ ಅವರ ಭಾಗಾಕಾರ ಕೇಳಿ ನನ್ನ ಮಕ್ಕಳು ಭಾಗಿಸತೊಡಗುತ್ತಿದ್ದವು. ಉಡುಪಿ ಕಡೆಯವರು. ಗಂಡ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಇವರಿಬ್ಬರೂ ಸ್ಟೇಷನ್ನಿನ ಪಶ್ಚಿಮಕ್ಕೆ ಒಂದು ಚಾಳಿನ ಕೋಣೆಯಲ್ಲಿದ್ದರು. ಇಡೀ ಸ್ಟಾಫ್ ರೂಮಿನಲ್ಲಿ ಕನ್ನಡದವರು ನಾವಿಬ್ಬರೇ. ಹಾಗಾಗಿ ನಮಗೆ ಸ್ನೇಹವಾಗಬೇಕೆಂದು ಎಲ್ಲರೂ ತೀರ್ಮಾನಿಸಿದ್ದರು. ಸ್ನೇಹವಲ್ಲ, ಅದೊಂದು ದಿನನಿತ್ಯದ ಜಗಳ. ನನ್ನ ಡಬ್ಬಿಯ ಮುಚ್ಚಳ ತೆಗೆದು, ಕೇಳದೆ ಬೆರಳದ್ದಿ ಬಾಯಿಗಿಟ್ಟುಕೊಂಡು, "ನಿಮ್ಮ ಮೈಸೂರಿನವರಿಗೆ ತೆಂಗಿನಕಾಯಿ ಕಂಡ್ರೆ ಹೆದರಿಕೆಯಾ ಎಂತ?" ಎನ್ನುತ್ತಿದ್ದರು. ಹಾಗಂದು ಉಳಿದ ಸಾರನ್ನು ಪೂರ್ತಿ ಸುರಿದುಕೊಳ್ಳುತ್ತಿದ್ದವರೂ ಅವರೇ.

ಸ್ಟೇಷನ್ನಿನ ಪೂರ್ವಕ್ಕೆ ಮಿಲಿಟರಿಯವರ ಕ್ವಾರ್ಟರ್ಸ್ ಇತ್ತು. ನಮ್ಮ ಶಾಲೆಯಲ್ಲಿ ಕಾಲುಭಾಗ ಮಕ್ಕಳು ಅಲ್ಲಿಯವರು. ಅವರ ಗೋಳು ಕೇಳಿ. ಅಪ್ಪನಿಗೆ ಬದಲಿಯ ಆರ್ಡರು ಬಂದಾಗ ಇವು ಬರುತ್ತಿದ್ದವು. ಅದು ಜೂನ್ ತಿಂಗಳಿಗೇ ಬರಬೇಕೆಂದಿಲ್ಲವಲ್ಲ. ದೀಪಾವಳಿ ಮುಗಿದ ಮೇಲೆ, ಸಂಕ್ರಾಂತಿಗೆ, ಒಮ್ಮೆಯಂತೂ ಪರೀಕ್ಷೆಯ ಹಿಂದಿನ ವಾರ ಒಂದು ಮಗು ಟ್ರಂಕಿನ ಬಣ್ಣ ಅಂಟಿದ ಕೈಯಲ್ಲಿ ಬಂದು ನಿಂತಿತ್ತು. ಹಿಂದಿನ ಶಾಲೆಯಲ್ಲಿ ಪಂಜಾಬಿಯೋ ಅಸ್ಸಾಮಿಯೋ ಕಲಿತಿರುತ್ತಿದ್ದವು. ಇಲ್ಲಿ ಮೂರನೇ ಕ್ಲಾಸಿನಿಂದ ಮರಾಠಿ ಕಡ್ಡಾಯ. ನಮ್ಮ ಶಾಲೆಯ ಪದ್ಧತಿಯೆಂದರೆ, ಹೇಗೂ ಹೋಗುವ ಮಕ್ಕಳು ಎಂದು ಕೊನೆಯ ಬೆಂಚಿನಲ್ಲಿ ಕೂರಿಸುವುದು, ಮಾರ್ಚಿನಲ್ಲಿ ಮರಾಠಿಯಲ್ಲಿ ಫೇಲು ಮಾಡಿ ಅದೇ ಕ್ಲಾಸಿನಲ್ಲಿ ಉಳಿಸುವುದು. ಸೈನಿಕರೆಂದರೆ ಹೆಡ್‌ಮಾಸ್ತರರಿಗೆ ಬಹಳ ಗೌರವ. ಛಬ್ಬೀಸ್ ಜನವರಿಗೆ ಧ್ವಜ ಹಾರಿಸಲು ಯಾವನಾದರೂ ಸುಬೇದಾರನನ್ನು ಕರೆಯದೆ ಬಿಡುತ್ತಿರಲಿಲ್ಲ. ಸುಬೇದಾರನ ಮಗಳನ್ನು ಫೇಲು ಮಾಡುವುದಕ್ಕೂ ಆ ಗೌರವಕ್ಕೂ ಅವರ ತಲೆಯಲ್ಲಿ ಸಂಬಂಧವೇ ಇರಲಿಲ್ಲ.

ಮೂರನೇ ಕ್ಲಾಸಿನ ಟೀಚರ ಕ್ರಮವೇ ಬೇರೆ. ಹೊಸ ಮಿಲಿಟರಿ ಮಗು ಬಂದ ದಿನ ಯಾರೂ ಅದನ್ನು "ನಿನ್ನ ಊರು ಯಾವುದು" ಎಂದು ಕೇಳಕೂಡದು. ನಾನೊಮ್ಮೆ ಕೇಳಿ ಬೈಸಿಕೊಂಡಿದ್ದೆ. "ಅದಕ್ಕೆ ಗೊತ್ತಿಲ್ಲ ಮಾರಾಯ್ರೆ! ಅಪ್ಪನ ಊರಾ, ಹುಟ್ಟಿದ ಊರಾ, ಮೊನ್ನೆ ಬಿಟ್ಟು ಬಂದದ್ದಾ? ಯಾಕೆ ಬಂದ ಕೂಡ್ಲೆ ಅಳಿಸುದು?" ಎಂದು ಮಕ್ಕಳ ಎದುರಿಗೇ ಗದರಿದ್ದರು. ಅವರು ಕೇಳುತ್ತಿದ್ದುದು ನಿನ್ನೆ ಏನು ತಿಂದೆ ಎಂದು. ಆಮೇಲೆ ತಕ್ಷಣ ಒಂದು ಕೆಲಸ ಅಂಟಿಸುತ್ತಿದ್ದರು. ಬೋರ್ಡು ಒರೆಸು, ಹಾಜರಿ ಪುಸ್ತಕ ಆಫೀಸಿಗೆ ಕೊಟ್ಟು ಬಾ, ಗಂಟೆ ಹೊಡಿ. ಕೆಲಸವಿರುವ ಮಗುವನ್ನು ಉಳಿದ ಮಕ್ಕಳು ಹೆಸರು ಹಿಡಿದು ಕರೆಯಲೇಬೇಕಾಗುತ್ತದೆ ಎಂಬುದು ಅವರ ವಾದ. ವಾದ ಸರಿಯೇ ಇರಬಹುದು, ಆದರೆ ವೇಳಾಪಟ್ಟಿ ಗೊತ್ತಿಲ್ಲದ ಮಗು ಮನಸ್ಸಿಗೆ ಬಂದಾಗ ಗಂಟೆ ಹೊಡೆದು ನನ್ನ ಪರಿಸರದ ಪಾಠ ಅರ್ಧಕ್ಕೇ ನಿಂತರೆ ನಾನು ಯಾರಿಗೆ ಹೇಳಲಿ?

ಹೋಗುವ ಮಕ್ಕಳ ವಿಷಯದಲ್ಲೂ ಹಾಗೆಯೇ. ಬೇರೆ ಕ್ಲಾಸುಗಳಲ್ಲಿ ಹೊರಡುವ ಮಗುವಿಗೆ ಪೇಡೆ, ಹೂವು, ಹಾಡು, ಅಳು ಎಲ್ಲ ಇರುತ್ತಿತ್ತು. ಇವರ ಕ್ಲಾಸಿನಲ್ಲಿ ಹೋಂವರ್ಕು! ಸಾಯಂಕಾಲದ ರೈಲಿಗೆ ಹೊರಟಿದ್ದ ಒಂದು ಮಗು ಹೊಸ ಬಟ್ಟೆ ಹಾಕಿಕೊಂಡು ನಿಂತು ಹದಿಮೂರರ ಮಗ್ಗಿ ಒಪ್ಪಿಸುತ್ತಿತ್ತು, ಹೊರಗೆ ಮಿಲಿಟರಿ ಟ್ರಕ್ಕು ಹಾರ್ನು ಹೊಡೆಯುತ್ತಿತ್ತು. ಅದರಪ್ಪ ಒಳಗೆ ಬಂದು ಮೀಸೆ ಕುಣಿಸಿದರೆ, ಇವರು "ಬೈಠಿಯೇ, ಅಭೀ ತೇರಹ್ ಸತ್ತೇ ಬಾಕೀ ಹೈ" ಎಂದರು, ಹದಿಮೂರು ಏಳ್ಲೆ ಇನ್ನೂ ಬಾಕಿ ಇದೆ, ಕೂತುಕೊಳ್ಳಿ ಎಂದು ಸ್ಟೂಲು ತೋರಿಸಿ. ಆತ ಕೂತ! ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮ ಸೈನ್ಯ ಶ್ರೀಲಂಕಾಕ್ಕೆ ಹೋಗಿದ್ದ ಕಾಲ ಅದು. ದೀಪಾವಳಿ ರಜೆ ಮುಗಿದ ಮೇಲೆ ರೇಣುಕಾ ಎಂಬ ಹುಡುಗಿ ಮೂರನೇ ಕ್ಲಾಸಿಗೆ ಬಂದಳು. ತಂದೆ ಹವಾಲ್ದಾರ, ಬಾಗಲಕೋಟೆ ಕಡೆಯವರು. ಅಸ್ಸಾಮಿನಿಂದ ಬಂದು ಹೆಂಡತಿ ಮಗಳನ್ನು ಕ್ವಾರ್ಟರ್ಸಿನಲ್ಲಿ ಇಳಿಸಿ ಅವರು ಲಂಕೆಗೆ ಹೋಗಿದ್ದರು. ಹುಡುಗಿ ಮಾತಾಡುತ್ತಿದ್ದುದು ಹಿಂದಿ. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಕ್ಲಾಸಿಗೆಲ್ಲ ಎತ್ತರದವಳು, ಯಾಕೆಂದರೆ ಹಿಂದಿನ ಊರಿನಲ್ಲೂ ನಡುವರ್ಷ ಸೇರಿ ಅಸ್ಸಾಮಿ ಬಾರದೆ ಒಂದು ವರ್ಷ ಕಳೆದುಕೊಂಡಿದ್ದಳು. ಅವಳ ತಾಯಿ ಮೊದಲ ದಿನವೇ ನಮ್ಮಿಬ್ಬರೆದುರು ಸೆರಗು ಹಿಡಿದುಕೊಂಡು ಹೇಳಿದರು: "ಇನ್ನೊಮ್ಮಿ ಅದ ಕ್ಲಾಸಿನ್ಯಾಗ ಕುಂಡ್ರಿಸಿದ್ರ ನಾ ಸಾಲಿ ಬಿಡಿಸಿ ನಮ್ಮತ್ತಿ ಕಡೆ ಊರಿಗೆ ಕಳಿಸಿಬಿಡ್ತೀನ್ರಿ ಅಕ್ಕಾರ. ಅಷ್ಟೆತ್ತರದ ಹುಡಿಗಿ ಸಣ್ಣ ಹುಡುಗೂರ ನಡುವ ಕುಂಡ್ರಾಕ ನಾಚ್ಕೊಂತಾಳ್ರಿ. ರಾತ್ರಿ ಅಳ್ತಾಳ."

"ಕುಂಡ್ರಿಸುದಿಲ್ಲ. ನಾನು ಹೇಳ್ತೇನಲ್ಲ" ಎಂದರು ಟೀಚರು. ಯಾರು ಕೇಳಿದ್ದರು ಇವರನ್ನು ಮಾತು ಕೊಡಿ ಅಂತ? ಅಲ್ಲಿಂದಲೇ ನನಗೆ ತಲೆನೋವು ಶುರುವಾಯಿತು.

ರೇಣುಕಾಳಿಗೆ ಕೊಟ್ಟ ಕೆಲಸ, ನಮ್ಮ ಮಾವಶಿಯ ಜೊತೆ ನೀರಿನ ಡ್ರಮ್ಮು ನೋಡಿಕೊಳ್ಳುವುದು. ಶಾಲೆ ಗುಡಿಸಿ ಒರೆಸುವ ಆಯಾಳನ್ನು ಎಲ್ಲರೂ ಮಾವಶಿ ಎಂದೇ ಕರೆಯುತ್ತಿದ್ದೆವು. ಆಕೆಗೆ ಮರಾಠಿ ಬಿಟ್ಟು ಬೇರೆ ಭಾಷೆ ಬಾರದು, ಬೈಗುಳ ಬಿಟ್ಟು ಬೇರೆ ಮಾತೂ ಕಡಿಮೆ. "ಪುಸ್ತಕದ ಮರಾಠಿ ನಾನು ಕಲಿಸ್ತೇನೆ, ಬಾಯಿಯ ಮರಾಠಿ ಮಾವಶಿ ಕಲಿಸ್ಲಿ" ಎಂದರು ಟೀಚರು. ಇದು ಎಡವಟ್ಟಾಗುತ್ತದೆ ಕಣ್ರೀ ಎಂದೆ. ಕೇಳಿದರೆ ತಾನೆ!

ಮಾರ್ಚಿನಲ್ಲಿ ಬಾಯಿಪರೀಕ್ಷೆ ಬಂತು. ಪರೀಕ್ಷಕರು ಮರಾಠಿ ಗುರೂಜಿ, ಪುಣೆಯ ಕಡೆಯ ಶುದ್ಧ ಮನುಷ್ಯ. ಶಾಲೆಯ ಬಗ್ಗೆ ಏನಾದರೂ ಹೇಳು ಮಗಳೇ ಎಂದರು. ರೇಣುಕಾ ಎದ್ದು ನಿಂತಳು, ಸೊಂಟದ ಮೇಲೆ ಕೈಯಿಟ್ಟಳು, ಮಾವಶಿಯ ದನಿಯಲ್ಲೇ ಶುರುಮಾಡಿದಳು: "ಅರೇ ಮೇಲ್ಯಾ, ಪಾಣೀ ಸಾಂಡೂ ನಕೋ! ಆತ್ತಾಚ್ ಪುಸ್ಲಂಯ್, ಡೋಳೇ ಫುಟಲೇ ಕಾ?" ನೀರು ಚೆಲ್ಲಬೇಡ ಸತ್ತವನೇ, ಈಗಷ್ಟೇ ಒರೆಸಿದ್ದೇನೆ, ಕಣ್ಣು ಕಾಣುವುದಿಲ್ಲವಾ, ಎಂದು. ಗುರೂಜಿಯ ಮುಖ ನೋಡಬೇಕಿತ್ತು. ನಾನು ಹೊರಗೆ ಓಡಿ ಬಾಯಿಗೆ ಸೆರಗು ತುರುಕಿಕೊಂಡೆ. ಟೀಚರು ಮಾತ್ರ ನಗಲಿಲ್ಲ. "ತಪ್ಪೆಂತ ಉಂಟು ಅದರಲ್ಲಿ? ಒಂದು ಶಬ್ದ ತಪ್ಪಾ ಹೇಳಿ!" ಎಂದು ಗುರೂಜಿಯ ಮೇಲೇ ಹರಿಹಾಯ್ದರು.

ಬರವಣಿಗೆಯಲ್ಲೂ ಹುಡುಗಿಗೆ ಮಾರ್ಕು ಸಾಲದೆ ಹೋಯಿತು. ಫೇಲು. ಟೀಚರು ಹೆಡ್‌ಮಾಸ್ತರರ ಕೋಣೆಗೆ ನುಗ್ಗಿದರು, ನನ್ನ ರಟ್ಟೆ ಹಿಡಿದೆಳೆದುಕೊಂಡು. ಇಡೀ ಮಧ್ಯಾಹ್ನ ವಾದ. ಉಳಿದೆಲ್ಲ ವಿಷಯದಲ್ಲಿ ಮುಂದಿರುವ ಹುಡುಗಿ, ಇನ್ನೊಂದು ವರ್ಷ ಕಳೆದರೆ ಶಾಲೆಯನ್ನೇ ಬಿಡಿಸುತ್ತಾರೆ, ಅವಳಪ್ಪ ಅಲ್ಲಿ ಗುಂಡಿಗೆ ಎದೆಯೊಡ್ಡಿರುವಾಗ ನೀವಿಲ್ಲಿ ಎರಡು ಮಾರ್ಕಿಗೆ ಜೀವ ಹಿಂಡುತ್ತೀರಾ ಎಂದೆಲ್ಲ ಕೂಗಾಡಿದರು. ಕೊನೆಗೆ ಹೆಡ್‌ಮಾಸ್ತರರು ಸುಸ್ತಾಗಿ, ರಜೆಯಲ್ಲಿ ಕಲಿಸಿ, ಜೂನ್‌ನಲ್ಲಿ ಇನ್ನೊಮ್ಮೆ ಪರೀಕ್ಷೆ ತೆಗೆದುಕೊಳ್ಳೋಣ, ಪಾಸಾದರೆ ನಾಲ್ಕನೇ ಕ್ಲಾಸು ಎಂದರು. ಟೀಚರು ಗೆದ್ದವರ ಹಾಗೆ ಹೊರಗೆ ಬಂದರು.

ಆದರೆ ಹವಾಲ್ದಾರರಿಗೆ ರಜೆ ಸಿಗುವುದು ಮೇ ತಿಂಗಳಲ್ಲೇ. ಊರಲ್ಲಿ ಅವರ ತಾಯಿಗೆ ಕಾಯಿಲೆ, ಹಾಗಾಗಿ ಮುಂಬಯಿಗೆ ಬರುವಂತಿಲ್ಲ, ನೇರ ಊರಿಗೇ ಬರುತ್ತಾರೆ. ಹೆಂಡತಿ ಮಗಳು ಅಲ್ಲಿಗೆ ಹೋಗಬೇಕು. ಇದನ್ನು ಹೇಳಲು ರೇಣುಕಾಳ ತಾಯಿ ಟೀಚರ ಚಾಳಿಗೆ ಬಂದಾಗ ನಾನೂ ಅಲ್ಲಿದ್ದೆ.

"ಅವರಪ್ಪ ಬರೂದು ವರ್ಷಕ್ಕೊಮ್ಮಿರಿ ಅಕ್ಕಾರ. ಮಗಳ ಮಾರಿ ನೋಡಬೇಕಂತ ಜೀವಾ ಹಿಡ್ಕೊಂಡ ಬರ್ತಾರ" ಎಂದರು ಆಕೆ.

"ಬರುವ ವರ್ಷವೂ ಬರ್ತಾರೆ. ಇವಳ ವರ್ಷ ಹೋದ್ರೆ ತಿರುಗಿ ಬರ್ತದಾ?" ಎಂದರು ಟೀಚರು. "ನೀವು ಹೋಗಿ ಬನ್ನಿ. ಹುಡುಗಿ ನನ್ನ ಹತ್ರ ಇರ್ಲಿ. ನನ್ನ ಮಗಳ ಹಾಗೆ ನೋಡ್ಕೊಳ್ತೇನೆ."

ನಾನು ಸುಮ್ಮನಿರಲಿಲ್ಲ. "ಅಲ್ಲಾ ರೀ, ನಿಮಗೇನು ತಲೆ ಕೆಟ್ಟಿದೆಯೇ? ಅಪ್ಪನ್ನ ನೋಡೋದು ಬೇಡ್ವೇ ಮಗು? ಅದೂ ಯುದ್ಧದಿಂದ ಬರೋ ಅಪ್ಪನ್ನ!" ಎಂದು ಆಕೆಯ ಎದುರಿಗೇ ಕೇಳಿದೆ.

"ನಿಮಗೆ ಎಲ್ಲದಕ್ಕೂ ಕಣ್ಣೀರು ಬೇಕು. ಪಾಸಾಗ್ಲಿಕ್ಕೆ ಕಣ್ಣೀರು ಸಾಕಾಗುದಿಲ್ಲ ಮಾರಾಯ್ರೆ" ಎಂದು ನನ್ನ ಬಾಯಿ ಮುಚ್ಚಿಸಿದರು.

ತಾಯಿ "ಆತ್ರಿ" ಎಂದು ಎದ್ದರು. ಶಾಲೆ ಬಿಡಿಸುವ ಮಾತಾಡಿದ್ದ ಹೆಂಗಸೇ ಮಗಳನ್ನು ಶಾಲೆಗಾಗಿ ಬಿಟ್ಟು ಒಬ್ಬರೇ ರೈಲು ಹತ್ತಿದರು. ರೇಣುಕಾ ಆ ಇಡೀ ತಿಂಗಳು ಟೀಚರ ಕೋಣೆಯಲ್ಲಿ, ಅವರ ಗಂಡ ಹೋಟೆಲಿನಿಂದ ತರುತ್ತಿದ್ದ ಬನ್ಸ್ ತಿನ್ನುತ್ತ, ಚಾಳಿನ ಪಡಸಾಲೆಯಲ್ಲಿ ಕೂತು ಮರಾಠಿ ಓದಿದಳು. ಟೀಚರು ಅವಳನ್ನು ಚೆನ್ನಾಗಿಯೇ ನೋಡಿಕೊಂಡರು, ಅದರಲ್ಲಿ ಎರಡು ಮಾತಿಲ್ಲ. ತಲೆಗೆ ಎಣ್ಣೆ ಹಚ್ಚಿದರು, ಜುಹೂ ತೋರಿಸಿದರು, ನೆರೆಯ ಮರಾಠಿ ಅಜ್ಜಿಯ ಹತ್ತಿರ ಕಥೆ ಹೇಳಿಸಿದರು. ಕ್ರಿಯಾಪದ ತಪ್ಪಿದರೆ ಊಟದ ನಡುವೆಯೂ ಬಿಡುತ್ತಿರಲಿಲ್ಲ.

ಜೂನ್‌ನಲ್ಲಿ ಪರೀಕ್ಷೆ. ಬರವಣಿಗೆ ಸಲೀಸಾಗಿ ಮುಗಿಯಿತು. ಬಾಯಿಪರೀಕ್ಷೆಗೆ ಗುರೂಜಿ, ಹೆಡ್‌ಮಾಸ್ತರರು, ಟೀಚರು ಮತ್ತು ನಾನು ಕೂತಿದ್ದೆವು. ಮನೆಯ ಬಗ್ಗೆ ನಾಲ್ಕು ಮಾತು ಹೇಳು ಎಂದರು ಗುರೂಜಿ. ಈ ಸಲ ಸೊಂಟದ ಮೇಲೆ ಕೈಯಿರಲಿಲ್ಲ. ಕೈಕಟ್ಟಿ ನಿಂತು, ಒಂದೊಂದೇ ವಾಕ್ಯ ಬಿಡಿಸಿ ಹೇಳಿದಳು.

"ಮಾಝೇ ಬಾಬಾ ಲಷ್ಕರಾತ್ ಆಹೇತ್. ತೇ ಸುಟ್ಟೀಲಾ ಗಾವೀ ಆಲೇ ಹೋತೇ. ಮೀ ಇಥೇಚ್ ಹೋತೇ. ಬಾಬಾ ಪರತ್ ಗೇಲೇ."

ನನ್ನ ಅಪ್ಪ ಸೈನ್ಯದಲ್ಲಿದ್ದಾರೆ. ಅವರು ರಜೆಗೆ ಊರಿಗೆ ಬಂದಿದ್ದರು. ನಾನು ಇಲ್ಲೇ ಇದ್ದೆ. ಅಪ್ಪ ವಾಪಸು ಹೋದರು.

"ಛಾನ್! ಏಕದಂ ಶುದ್ಧ!" ಎಂದು ಗುರೂಜಿ ಮೇಜು ತಟ್ಟಿದರು. ಹೆಡ್‌ಮಾಸ್ತರರೂ ತಲೆದೂಗಿದರು. ನಾನು ಟೀಚರ ಕಡೆ ನೋಡಿದೆ. ಅವರು ಹುಡುಗಿಯನ್ನೇ ನೋಡುತ್ತಿದ್ದರು. ಹುಡುಗಿ ಅಳಲಿಲ್ಲ, ದೂರಲೂ ಇಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ್ದಳು, ಅಷ್ಟೇ. ಪಾಸಾದಳು. ನಾಲ್ಕನೇ ಕ್ಲಾಸಿನಲ್ಲಿ ಕೂತಳು. ಟೀಚರು ಅಂದು ಸ್ಟಾಫ್ ರೂಮಿನಲ್ಲಿ ನನ್ನ ಡಬ್ಬಿಯನ್ನು ಮುಟ್ಟಲಿಲ್ಲ. "ಊರಿಗೆ ಕಳಿಸಿ ಅಂದಿದ್ರಿ ನೀವು" ಎಂದರು, ನನ್ನನ್ನೇ ತಪ್ಪು ಮಾಡಿದವಳ ಹಾಗೆ ನೋಡುತ್ತ. ಸಮಾಧಾನ ಹೇಳುವಷ್ಟು ಒಳ್ಳೆಯತನ ನನ್ನಲ್ಲಿ ಆ ಹೊತ್ತಿಗೆ ಇರಲಿಲ್ಲ. ಹೌದು, ಅಂದಿದ್ದೆ ಎಂದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ. ಹೆಡ್‌ಮಾಸ್ತರರಿಗೆ ಇದು ರುಚಿ ಹತ್ತಿತು. ಮುಂದಿನ ಮಾರ್ಚಿನಲ್ಲಿ ಬೋರ್ಡಿನ ಮೇಲೆ ಸುತ್ತೋಲೆ ಬಿತ್ತು: ದೀಪಾವಳಿಯ ನಂತರ ಸೇರಿದ ಮಿಲಿಟರಿ ಕುಟುಂಬದ ಮಕ್ಕಳೆಲ್ಲರೂ ಮೇ ತಿಂಗಳ ಮರಾಠಿ ಕ್ಲಾಸಿಗೆ ಕಡ್ಡಾಯವಾಗಿ ಬರಬೇಕು, ಬಾರದವರಿಗೆ ಜೂನ್ ಪರೀಕ್ಷೆ ಇಲ್ಲ. ಕಲಿಸುವವರು ಮೂರನೇ ಕ್ಲಾಸಿನ ಟೀಚರು. ಒಬ್ಬ ಹುಡುಗಿಗಾಗಿ ಗುದ್ದಾಡಿ ಪಡೆದ ವಿನಾಯಿತಿಯನ್ನು ಎಲ್ಲರ ಕುತ್ತಿಗೆಗೆ ಕಟ್ಟಿದ್ದರು. ಅಪ್ಪಂದಿರು ರಜೆಗೆ ಬರುವ ತಿಂಗಳೇ ಮಕ್ಕಳಿಗೆ ಶಾಲೆ!

ಟೀಚರು ಸುತ್ತೋಲೆ ಓದಿದವರೇ ಸೀದಾ ಆಫೀಸಿಗೆ ಹೋದರು. ಈ ಸಲ ನನ್ನನ್ನು ಎಳೆಯಬೇಕಾಗಿರಲಿಲ್ಲ, ನಾನೇ ಹಿಂದೆ ಹೋದೆ. ಅವರ ಹಿಂದಿ ಸಿಟ್ಟು ಬಂದಾಗ ಪೂರ್ತಿ ತುಳುವಿನ ರಾಗಕ್ಕೆ ತಿರುಗುತ್ತಿತ್ತು. ಕನ್ನಡದಲ್ಲಿ ಹೇಳುವುದಾದರೆ ಅವರು ಹೇಳಿದ್ದು ಇಷ್ಟು: "ನಾನು ಮಾಡಿದ್ದು ಸ್ಕೀಮ್ ಅಲ್ಲ ಸರ್, ತಪ್ಪು. ನನ್ನ ತಪ್ಪನ್ನು ಸುತ್ತೋಲೆ ಮಾಡಿ ಅಂಟಿಸ್ಬೇಡಿ. ಪಾಸು ಮಾಡುದಾದ್ರೆ ಇಲ್ಲಿಯೇ, ವರ್ಷದ ಒಳಗೆ, ನಾನು ಬೆಳಿಗ್ಗೆ ಬೇಗ ಬಂದು ಕಲಿಸ್ತೇನೆ. ಮೇ ತಿಂಗಳು ಬೇಡ."

ಹೆಡ್‌ಮಾಸ್ತರರು ನಕ್ಕರು. ಪೋಷಕರೇ ಕೇಳುತ್ತಿದ್ದಾರೆ, ಕರ್ನಲ್ ಸಾಹೇಬರ ಹೆಂಡತಿ ಹೊಗಳಿದ್ದಾರೆ, ಕಮಿಟಿ ಪಾಸು ಮಾಡಿದೆ, ನೀವು ಸುಮ್ಮನೆ ಬಂದ ಹೆಸರನ್ನು ಬಿಟ್ಟುಕೊಡುತ್ತಿದ್ದೀರಿ ಎಂದರು. ಬೆಳಗಿನ ಕ್ಲಾಸಿಗೆ ಬಾಗಿಲು ತೆರೆಯುವವರು ಯಾರು, ಮಾವಶಿಗೆ ಹೆಚ್ಚು ಹೊತ್ತಿನ ಸಂಬಳ ಕೊಡಲಾಗುವುದಿಲ್ಲ ಎಂದೂ ಸೇರಿಸಿದರು. ಬಾಗಿಲು! ಬೀಗದಕೈ ನನ್ನ ಕೈಲಿ ಕೊಡಿ ಎಂದೆ ನಾನು. ನೀವು ದಹಿಸರದಿಂದ ಬರಬೇಕಲ್ಲ ಮೇಡಂ, ಲೋಕಲ್ ಲೇಟಾದರೆ, ಎಂದರು. ಗೋಡೆಗೆ ತಲೆ ಚಚ್ಚಿಕೊಂಡಂತಾಯಿತು.

ಏಪ್ರಿಲ್ ಪೂರ್ತಿ ಟೀಚರು ಸಾಯಂಕಾಲ ಕ್ವಾರ್ಟರ್ಸಿನ ಮನೆ ಮನೆ ಹತ್ತಿ ಇಳಿದರು. ಅಪ್ಪ ರಜೆಗೆ ಬರುತ್ತಾರಾ? ಬರುವುದಾದರೆ ಮಗುವನ್ನು ಊರಿಗೆ ಕರಕೊಂಡು ಹೋಗಿ, ಮರಾಠಿಯನ್ನು ನಾನು ಹೇಗಾದರೂ ನೋಡಿಕೊಳ್ಳುತ್ತೇನೆ ಎಂದರು. ತಾಯಂದಿರಿಗೆ ಗೊಂದಲ. ಹೋದ ವರ್ಷ ಹವಾಲ್ದಾರನ ಮಗಳನ್ನು ತಾವೇ ಇಟ್ಟುಕೊಂಡು ಪಾಸು ಮಾಡಿಸಿದ ಟೀಚರು ಈ ವರ್ಷ ನಮ್ಮ ಮಕ್ಕಳಿಗೆ ಯಾಕೆ ಬೇಡ ಅನ್ನುತ್ತಾರೆ ಎಂದು ಒಬ್ಬಾಕೆ ಹೆಡ್‌ಮಾಸ್ತರರಿಗೆ ದೂರು ಕೊಟ್ಟಳು. ಅವಳದೂ ತಪ್ಪಲ್ಲ. ಮೆಮೋ ಬಂತು. ಟೀಚರು ಅದಕ್ಕೆ ಉತ್ತರ ಬರೆಯಲಿಲ್ಲ, ಕ್ಲಾಸು ತೆಗೆದುಕೊಳ್ಳುವುದಿಲ್ಲ ಎಂದರು. ಹಾಗಾದರೆ ಇಲ್ಲಿ ನಿಮಗೆ ಕಷ್ಟ ಎಂದರು ಹೆಡ್‌ಮಾಸ್ತರರು. ಕಷ್ಟ ಬೇಡ ಎಂದು ಅವರು ಕೆಲಸ ಬಿಟ್ಟು ಹೋದರು. ಬೀಳ್ಕೊಡುಗೆ ಎಂದು ನಾವು ತಂದಿದ್ದ ಹೂವನ್ನು, ಇದೆಂತ, ನಾನು ಸತ್ತಿದ್ದೇನಾ ಎಂದು ಮಾವಶಿಯ ತಲೆಗೆ ಮುಡಿಸಿದರು.

ಮೇ ತಿಂಗಳ ಮರಾಠಿ ನನ್ನ ಪಾಲಿಗೆ ಬಂತು. ಮೈಸೂರಿನವಳು ನಾನು, ಕೆಲಸಕ್ಕೆ ಸೇರಿದ ಮೇಲೆ ಮರಾಠಿ ಕಲಿತವಳು, ಪಂಜಾಬಿನ ಮಕ್ಕಳಿಗೆ ಮರಾಠಿ ಕಲಿಸಬೇಕು. ಒಲ್ಲೆ ಎನ್ನಬಹುದಿತ್ತಲ್ಲ ಎಂದು ಈಗ ಯಾರಾದರೂ ಕೇಳಬಹುದು. ನಾನೂ ಒಲ್ಲೆ ಎಂದರೆ ಮಕ್ಕಳಿಗೆ ಜೂನ್ ಪರೀಕ್ಷೆಯೂ ಇಲ್ಲ, ನಾಲ್ಕನೇ ಕ್ಲಾಸೂ ಇಲ್ಲ. ಹಿಡಿದರೆ ಒಂದು ಕಷ್ಟ, ಬಿಟ್ಟರೆ ಇನ್ನೊಂದು. ಬೈಯುತ್ತಲೇ ಕಲಿಸಿದೆ.

ಕ್ಲಾಸು ಶುರುವಾಗಿ ವಾರವಾಗಿರಬೇಕು. ಬೆಳಿಗ್ಗೆ ಕಾಂದಿವಲಿಯಲ್ಲಿ ಲೋಕಲ್ ಇಳಿದರೆ ಪ್ಲಾಟ್‌ಫಾರಮ್ಮಿನಲ್ಲಿ ಟೀಚರು ನಿಂತಿದ್ದರು. ಗಂಡನ ಹೋಟೆಲಿಗೆ ಹೊರಟಿದ್ದರು, ಚರ್ಚ್‌ಗೇಟ್ ಗಾಡಿಗೆ. ಕೆಲಸ ಬಿಟ್ಟ ಮೇಲೆ ಸ್ವಲ್ಪ ಸೊರಗಿದ್ದರು. ಹೇಗಿದ್ದೀರಿ ಎಂದು ನಾನು ಕೇಳುವುದರೊಳಗೆ ಅವರೇ ಕೇಳಿದರು.

"ಕ್ಲಾಸಿನಲ್ಲಿ ಯಾರದ್ದಾದ್ರೂ ಅಪ್ಪ ರಜೆಗೆ ಬಂದಿದ್ದಾರಾ?"

"ಇಬ್ಬರ ಅಪ್ಪ ಬಂದಿದ್ದಾರಂತೆ. ಊರಲ್ಲಿದ್ದಾರೆ. ಅಕ್ಕ ತಮ್ಮ, ಗಢವಾಲಿನವರು" ಎಂದೆ.

"ಮಕ್ಕಳು?"

"ಇಲ್ಲೇ. ಕ್ಲಾಸಲ್ಲಿ."

"ನೀವು ಎಂತ ಹೇಳಿದ್ರಿ?"

"ನಾನೇನು ಹೇಳ್ಲಿ ಕಣ್ರೀ? ಪರೀಕ್ಷೆ ಇದೆಯಲ್ಲ!" ಎಂದು ರೇಗಿದೆ. ನಿಜಕ್ಕೂ ರೇಗಿತ್ತು. ಬಿಟ್ಟು ಹೋದವರಿಗೆ ಕೇಳುವುದು ಸುಲಭ.

ಚರ್ಚ್‌ಗೇಟ್ ಲೋಕಲ್ ಬಂತು. ಹೆಂಗಸರ ಡಬ್ಬಿ ಸರಿಯಾಗಿ ಅವರ ಮುಂದೆಯೇ ನಿಂತಿತು. ಅವರು ಹತ್ತಲಿಲ್ಲ. "ಆ ಎರಡು ಮಕ್ಕಳು ಈಗ ಅಪ್ಪನ ಹತ್ರ ಹೋಗ್ಲಿ. ಜೂನ್‌ಗೆ ಅವರನ್ನು ನನ್ನ ಮನೆಗೆ ಕಳಿಸಿ, ಪರೀಕ್ಷೆಗೆ ನಾನು ತಯಾರು ಮಾಡ್ತೇನೆ. ಯಾವ ಬ್ಲಾಕು ಹೇಳಿ" ಎಂದರು. ಹೇಳಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರುವವರನ್ನು ಮೊಣಕೈಯಿಂದ ಸರಿಸುತ್ತ, ಪೂರ್ವಕ್ಕೆ ಇಳಿಯುವ ಸೇತುವೆಯ ಮೆಟ್ಟಿಲು ಹತ್ತಿ ಹೋದರು.

ಮರುದಿನ ಅಕ್ಕ ತಮ್ಮ ಕ್ಲಾಸಿಗೆ ಬರಲಿಲ್ಲ. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ಖಾಲಿ ಜಾಗ ನೋಡಿ, ಎಲ್ಲಿ ಆ ಇಬ್ಬರು ಎಂದು ಕೇಳಿದರು.

"ಇಬ್ಬರಿಗೂ ಜ್ವರ, ಸರ್. ಈ ತಿಂಗಳು ಬಿಡೋ ಹಾಗೆ ಕಾಣಲ್ಲ" ಎಂದೆ.